ಬಾದಾಮಿಯ ಹಗ್ಗ, ಹಂಪಿಯ ಗುಂಡುಕಲ್ಲು, ದಾಂಡೇಲಿಯ ನೀರು: ಇಂಗ್ಲಿಷ್ ಎಲ್ಲಿ ಜಾಸ್ತಿ ತಲೆಗೆ ಹತ್ತುತ್ತದೆ?

ಬಂಡೆ ಹತ್ತೋದಕ್ಕೂ ಇಂಗ್ಲಿಷ್ ಕಲಿಯೋದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಒಂದೇ ಮಾತು: ಒಂದು ಸಲ ರಾಮನಗರಕ್ಕೆ ಹೋಗಿ ನೋಡಿ. ಅಲ್ಲಿವರೆಗೆ ಕನ್ನಡದಲ್ಲಿ ಹರಟುತ್ತಿದ್ದ ಇಬ್ಬರು ಹಗ್ಗ ಕಟ್ಟಿಕೊಂಡ ಕೂಡಲೇ ಇಂಗ್ಲಿಷಿನಲ್ಲಿ ಕೂಗಲು ಶುರು ಮಾಡುತ್ತಾರೆ. ಈ ಆಟಗಳ ಮಾತೇ ಹಾಗೆ. ನಾನು ಕನ್ನಡ ಮೀಡಿಯಂನವನು. ಹಗ್ಗದ ಕ್ಲೈಂಬಿಂಗ್, ಬೋಲ್ಡರಿಂಗ್ (ಹಗ್ಗವಿಲ್ಲದೆ ಗುಂಡುಕಲ್ಲು ಹತ್ತೋದು), ರಾಫ್ಟಿಂಗ್ (ರಬ್ಬರ್ ದೋಣಿಯಲ್ಲಿ ರಭಸದ ನದಿ ಇಳಿಯೋದು) ಮೂರನ್ನೂ ಮಾಡಿದ್ದೇನೆ, ಸ್ಪರ್ಧೆಗಳ ವಿಡಿಯೋ ನೋಡಿದ್ದೇನೆ, ಫೋನಿನಲ್ಲಿ ವರ್ಡ್ ಲಿಸ್ಟ್ ಆ್ಯಪ್ ಇಟ್ಟುಕೊಂಡು ಬಾಯಿಪಾಠವನ್ನೂ ಮಾಡಿದ್ದೇನೆ. ಇವುಗಳಲ್ಲಿ ಬೋಲ್ಡರಿಂಗ್‌ಗೆ ನನ್ನ ಓಟು. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಗ್ಗ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಹಗ್ಗ ಸಿಕ್ಕಿಸೋಕೆ ಬೋಲ್ಟ್ ಹೊಡೆದ ದಾರಿಗಳು ಬೇಕಾದಷ್ಟಿವೆ. ಒಬ್ಬರು ಮೇಲೆ ಹತ್ತುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ಬಿಲೇ ಮಾಡುತ್ತಾರೆ, ಅಂದರೆ ಮೇಲಿನವರು ಬಿದ್ದರೆ ತಡೆಯೋ ಹಾಗೆ ಹಗ್ಗ ಹಿಡಿದಿರುತ್ತಾರೆ. 'ಆನ್ ಬಿಲೇ?' 'ಬಿಲೇ ಆನ್.' 'ಕ್ಲೈಂಬಿಂಗ್.' 'ಕ್ಲೈಂಬ್ ಆನ್.' ಹಗ್ಗ ಸಡಿಲ ಬೇಕಾದರೆ 'ಸ್ಲ್ಯಾಕ್', ಬಿಗಿ ಹಿಡಿಯಬೇಕಾದರೆ 'ಟೇಕ್', ಇಳಿಸು ಅನ್ನೋದಕ್ಕೆ 'ಲೋವರ್', ಕಲ್ಲು ಉರುಳಿದರೆ 'ರಾಕ್!'. ಇವನ್ನು ಯಾರೂ ಮರೆಯೋದಿಲ್ಲ. 'ಸ್ಲ್ಯಾಕ್' ಅಂತ ಕೇಳಿದ ತಕ್ಷಣ ಕೈ ಒಂದಿಷ್ಟು ಹಗ್ಗ ಸಡಿಲ ಕೊಡಬೇಕು, 'ಟೇಕ್' ಅಂದರೆ ಎಳೆದು ಹಿಡಿಯಬೇಕು, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳೋಕೆ ಟೈಮೇ ಇರೋದಿಲ್ಲ. ಇಂಗ್ಲಿಷ್ ಮಾತಾಡೋಕೆ ಬಾಯೇ ಬರೋದಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ, ಯಾಕಂದ್ರೆ ಇಲ್ಲಿ ಗಟ್ಟಿಯಾಗಿ ಕೂಗಲೇಬೇಕು, ಗಾಳಿ ಜೋರಿದ್ದರೆ ಇನ್ನೂ ಗಟ್ಟಿಯಾಗಿ. ಆದರೆ ಅಷ್ಟೇ. ಒಬ್ಬರು ಮೇಲೆ, ಒಬ್ಬರು ಕೆಳಗೆ, ನಡುವೆ ಹರಟೆಗೆ ಜಾಗವಿಲ್ಲ. ಅದೇ ಎಂಟ್ಹತ್ತು ಪದಗಳು ಸುತ್ತುತ್ತಿರುತ್ತವೆ.

ರಾಫ್ಟಿಂಗ್ ಪದಗಳ ಲೆಕ್ಕದಲ್ಲಿ ಇದಕ್ಕಿಂತ ಬಡ. ದಾಂಡೇಲಿ ಹತ್ತಿರ ಕಾಳಿ ನದಿಯಲ್ಲಿ ಸೂಪಾ ಡ್ಯಾಮಿನಿಂದ ನೀರು ಬಿಟ್ಟಾಗ ಮಜಾ ಏನೋ ಜೋರಾಗಿಯೇ ಇರುತ್ತದೆ. ಆದರೆ ಗೈಡ್ 'ಫಾರ್ವರ್ಡ್', 'ಬ್ಯಾಕ್', 'ಸ್ಟಾಪ್', 'ಹೋಲ್ಡ್ ಆನ್', 'ಗೆಟ್ ಡೌನ್' ಅಂತಾರೆ, ನಾವು ಮಾಡುತ್ತೇವೆ, ತಿರುಗಿ ಮಾತಾಡುವ ಪ್ರಸಂಗವೇ ಬರೋದಿಲ್ಲ. 'ರ‍್ಯಾಪಿಡ್' (ರಭಸದ ನೀರು), 'ಕರೆಂಟ್' (ಹರಿವು), 'ಎಡ್ಡಿ' (ಸುಳಿ ನೀರು) ಅಂತ ಮೂರ್ನಾಲ್ಕು ಹೊಸ ಪದ ಸಿಕ್ಕರೆ ಪುಣ್ಯ. ಮಜಾಕ್ಕೆ ಹೋಗಿ, ಇಂಗ್ಲಿಷಿಗೆ ಬೇಡ.

ಇನ್ನು ಹಂಪಿ. ಬೋಲ್ಡರಿಂಗ್‌ಗೆ ಹಗ್ಗ ಬೇಡ. ಗುಂಡುಕಲ್ಲಿನ ಬುಡದಲ್ಲಿ ಕ್ರ್ಯಾಶ್ ಪ್ಯಾಡ್ ಅನ್ನೋ ದಪ್ಪ ಮೆತ್ತೆ ಹಾಸಿ, ಒಬ್ಬೊಬ್ಬರಾಗಿ ಹತ್ತಿ ಬೀಳೋದು. ಬಿದ್ದ ಮೇಲೆ ಬೆರಳು ತಣ್ಣಗಾಗೋವರೆಗೆ ಕೂತು ಮಾತಾಡಲೇಬೇಕು, ಆ ಮಾತೇ ಪಾಠ. ಸಾಣಾಪುರ, ಆನೆಗೊಂದಿ ಕಡೆ ಚಳಿಗಾಲದಲ್ಲಿ ಹೊರದೇಶದವರು ತುಂಬಾ ಬರುತ್ತಾರೆ. ಜರ್ಮನ್ನರು, ಫ್ರೆಂಚರು, ಇಸ್ರೇಲಿನವರಿಗೂ ಇಂಗ್ಲಿಷ್ ಮನೆಮಾತಲ್ಲ, ನಮ್ಮ ಹಾಗೆ ಕಲಿತು ಬಂದವರೇ. ನಮ್ಮ ವ್ಯಾಕರಣ ತಪ್ಪಿದರೆ ಅಲ್ಲಿ ಯಾರೂ ನಗೋದಿಲ್ಲ. ಎಡಗಾಲು ಎಲ್ಲಿಡಬೇಕು ಅನ್ನೋದಷ್ಟೇ ಎಲ್ಲರ ಚಿಂತೆ.

ಆ ಎಡಗಾಲಿನ ವಿಷಯವೇ ನನಗೆ ದೊಡ್ಡ ಲಾಭ. ಇನ್, ಆನ್, ಅಟ್ ನಮಗೆ ಯಾಕೆ ಕಾಡುತ್ತವೆ? ಕನ್ನಡದಲ್ಲಿ ಹೆಚ್ಚು ಕಡೆ 'ಅಲ್ಲಿ' ಒಂದೇ ಸಾಕು. ಶಾಲೆಯಲ್ಲಿ ಖಾಲಿ ಜಾಗ ತುಂಬಿ ತುಂಬಿ ಸುಸ್ತಾಗಿದ್ದೆ. ಬಂಡೆಯ ಮುಂದೆ ನಿಂತರೆ ಕೈ ಬಿರುಕಿನ ಒಳಗಿದ್ದರೆ 'ಇನ್ ದ ಕ್ರ್ಯಾಕ್', ಕಾಲು ಅಂಚಿನ ಮೇಲಿದ್ದರೆ 'ಆನ್ ದ ಲೆಡ್ಜ್', ಆ ಕಡೆಯ ಹಿಡಿತಕ್ಕೆ ಕೈ ಚಾಚಬೇಕಾದರೆ 'ರೀಚ್ ಅಕ್ರಾಸ್'. ಹಿಂದಕ್ಕೆ ವಾಲಿದರೆ 'ಲೀನ್ ಬ್ಯಾಕ್', ಕಾಲಿನಿಂದ ಒದ್ದು ಏಳೋದು 'ಪುಶ್ ಆಫ್', ಬಿಟ್ಟುಬಿಡು ಅನ್ನೋದಕ್ಕೆ 'ಲೆಟ್ ಗೋ'. ಕಾಲಿಡೋಕೆ ಅಂಚೇ ಇಲ್ಲದ ಗ್ರಾನೈಟಿನ ಮೇಲೆ ಶೂ ತಳವನ್ನು ಚಪ್ಪಟೆಯಾಗಿ ಒತ್ತಿ ನಿಲ್ಲೋದಿದೆ ನೋಡಿ, ಅದು 'ಸ್ಮಿಯರ್'. ಕಾಲು ಜಾರಲಿಲ್ಲ ಅಂದ್ರೆ ಪದ ಜನ್ಮಕ್ಕೂ ಬಿಟ್ಟುಹೋಗೋದಿಲ್ಲ.

ಒಂದು ಎಚ್ಚರಿಕೆ. ಬಂಡೆಯ ಬುಡದ ಎಲ್ಲ ಪದವೂ ಹೊರಗೆ ನಡೆಯೋದಿಲ್ಲ. 'ಜಗ್' ಅಂದರೆ ಅಲ್ಲಿ ಒಳ್ಳೆ ದೊಡ್ಡ ಹಿಡಿತ, 'ಸೆಂಡ್' ಅಂದರೆ ಬೀಳದೆ ಹತ್ತಿ ಮುಗಿಸೋದು, 'ಬೀಟಾ' ಅಂದರೆ ಹೇಗೆ ಹತ್ತಬೇಕು ಅನ್ನೋ ಗುಟ್ಟು. ಹಳೇ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನ ಹೆಸರಿನಿಂದ ಬಂದ ಮಾತಂತೆ ಅದು. ಆಫೀಸಿನಲ್ಲಿ ಇವನ್ನು ಬಳಸಿದರೆ ಯಾರಿಗೂ ತಿಳಿಯೋದಿಲ್ಲ. 'ಕ್ರಕ್ಸ್' (ಎಲ್ಲಕ್ಕಿಂತ ಕಷ್ಟದ ಘಟ್ಟ), 'ಆ್ಯಂಕರ್' (ಹಗ್ಗ ಕಟ್ಟುವ ಗಟ್ಟಿ ಆಧಾರ), 'ಸ್ಲ್ಯಾಕ್', 'ಸ್ಟೀಪ್', 'ಗ್ರಿಪ್' ಮಾತ್ರ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತವೆ.

ಬೋಲ್ಡರಿಂಗ್‌ನಲ್ಲಿ ಸಿಗದ್ದು ವಿಶೇಷಣಗಳು. ಅದಕ್ಕೆ ವಿಡಿಯೋ ಬೇಕು. ಟೋಕಿಯೋ ಒಲಿಂಪಿಕ್ಸ್‌ನಿಂದ ಕ್ಲೈಂಬಿಂಗ್ ಒಲಿಂಪಿಕ್ಸಿಗೂ ಬಂದಿದೆ, ವಿಶ್ವಕಪ್ ಕಾಮೆಂಟರಿ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತದೆ. ಹತ್ತುವವರು ಅನುಮಾನಿಸಿದರೆ 'ಟೆಂಟೆಟಿವ್', ಈಗಲೋ ಆಗಲೋ ಬೀಳುವ ಹಾಗಿದ್ದರೆ 'ಪ್ರಿಕೇರಿಯಸ್', ಗಾಬರಿಯಿಲ್ಲದೆ ನಿಂತರೆ 'ಕಂಪೋಸ್ಡ್'. ಕಣ್ಣೆದುರು ಆ ಮೈ ನಡುಗೋದು ಕಾಣುತ್ತಿರುವಾಗಲೇ ಪದ ಕಿವಿಗೆ ಬೀಳುತ್ತದೆ, ಡಿಕ್ಷನರಿ ತೆಗೆಯೋದೇ ಬೇಡ. ಇಂಟರ್ವ್ಯೂಗೆ ತಯಾರಾಗುವವರಿಗೆ ನಾನು ಬಂಡೆಗಿಂತ ಇದನ್ನೇ ಹೇಳೋದು. ಆ್ಯಪ್‌ನಲ್ಲೂ ಇದೇ ಪದಗಳಿದ್ದವು. ಬೆಳಿಗ್ಗೆ ಕಲಿತದ್ದು ಸಂಜೆಗೆ ಮಾಯ.

ನಾನೀಗ ನವೆಂಬರಿನಿಂದ ಫೆಬ್ರವರಿವರೆಗೆ ಹಂಪಿ, ಬೇಸಿಗೆಯಲ್ಲಿ ಕಲ್ಲು ಕಾದು ಕೈ ಸುಡುವಾಗ ಮತ್ತು ಮಳೆಗಾಲದಲ್ಲಿ ವಿಡಿಯೋ ಅಂತ ಇಟ್ಟುಕೊಂಡಿದ್ದೇನೆ. ಹಗ್ಗದ ಕೆಲಸ ಮಾತ್ರ ಕಲಿತವರ ಜೊತೆಗೇ ಮಾಡಿ. ಹಂಪಿವರೆಗೆ ಹೋಗೋಕೆ ಆಗದ ಬೆಂಗಳೂರಿನವರು ಕಂಠೀರವ ಸ್ಟೇಡಿಯಂನ ಕ್ಲೈಂಬಿಂಗ್ ಗೋಡೆ ಹತ್ತಿರ ಹೋಗಿ ನಿಲ್ಲಿ, ಹತ್ತಿ ಇಳಿದು ಬಂದವರನ್ನು ಇಂಗ್ಲಿಷಿನಲ್ಲೇ ಕೇಳಿ: ಆ ಮೂಲೆಯಲ್ಲಿ ಎಡಗಾಲು ಎಲ್ಲಿಟ್ಟಿರಿ? ಖುಷಿಯಿಂದ ಹೇಳುತ್ತಾರೆ, ಕೈಕಾಲು ಆಡಿಸಿ ತೋರಿಸುತ್ತಾರೆ.