ಹದಿನೇಳು ವರ್ಷದ ಸ್ಪ್ಲೆಂಡರ್, ಮೂರು ಸಲ ಬಿಚ್ಚಿದ ಕಾರ್ಬೊರೇಟರ್, ಒಂದು ಸೈಕಲ್ ಟ್ಯೂಬ್ ತುಂಡು

ಸ್ಪ್ಲೆಂಡರ್ ಮೈಲೇಜ್ ಎಷ್ಟು, ಪಿಕಪ್ ಹೆಂಗೆ ಅಂತ ಬರೆಯೋರು ಬೇಕಾದಷ್ಟು ಜನ ಇದಾರೆ, ನಾನು ಬರೀತಿರೋದು ಗಾಡಿ ಹಳೇದಾದ್ಮೇಲೆ ಪೆಟ್ರೋಲ್ ಲೈನ್ ಹೆಂಗೆಲ್ಲ ಆಟ ಆಡ್ಸುತ್ತೆ ಅನ್ನೋದ್ರ ಬಗ್ಗೆ. ನಂದು 2008ರ ಸ್ಪ್ಲೆಂಡರ್ ಪ್ಲಸ್, ಶಿವಮೊಗ್ಗದಲ್ಲಿ ತಗೊಂಡಿದ್ದು, ಟ್ಯಾಂಕ್ ಮೇಲೆ ಇನ್ನೂ ಹೀರೋ ಹೋಂಡಾ ಅಂತಾನೇ ಇದೆ. ಮೀಟರ್ 1,18,000 ತೋರಿಸ್ತಿದೆ, ನಡುವೆ ಕೇಬಲ್ ಕಟ್ಟಾಗಿ ಎಂಟು ತಿಂಗಳು ಓಡ್ಸಿದ್ದು ಲೆಕ್ಕಕ್ಕಿಲ್ಲ. ಇಂಜಿನ್ ಬಗ್ಗೆ ಒಂದು ಮಾತು ಆಡೋ ಹಂಗಿಲ್ಲ, 97.2 ಸಿಸಿ ಇಟ್ಕೊಂಡು ತೀರ್ಥಹಳ್ಳಿ ಸುತ್ತಮುತ್ತಲ ಮಣ್ಣು ರೋಡಲ್ಲಿ ಇಬ್ಬರನ್ನ ಮತ್ತೆ ಒಂದು ಮೂಟೆ ಗೊಬ್ಬರನ ಎಳ್ಕೊಂಡು ಹೋಗಿದೆ. ಕಳೆದ ವರ್ಷ ಕೊಟ್ಟ ತೊಂದರೆ ಏನಿದೆ ಅದು ಗಾಡಿದಲ್ಲ, ನಂದೇ.

ಮೊದ್ಲು ಒಂದು ವಿಷಯ. ಈ ಗಾಡೀಲಿ ಪೆಟ್ರೋಲ್ ಪಂಪ್ ಅಂತ ಇಲ್ವೇ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋದು) ಕೆಳಗಿದೆ, ಪೆಟ್ರೋಲ್ ದಂಬೆ ನೀರು ಇಳಿದ ಹಂಗೆ ತಾನಾಗೇ ಇಳೀಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 (ಗಾಡಿ ಹೊಗೆ ಮಾಲಿನ್ಯದ ನಿಯಮ) ಬಂದ್ಮೇಲಿನ ಸ್ಪ್ಲೆಂಡರ್‌ಗಳಲ್ಲಿ ಕಾರ್ಬೊರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್, ಅದ್ರಲ್ಲಿ ಟ್ಯಾಂಕ್ ಒಳಗೇ ಪಂಪ್ ಇರುತ್ತೆ, ಆ ಗಾಡಿ ಇಟ್ಕೊಂಡೋರಿಗೆ ನಾನು ಹೇಳೋದ್ರಲ್ಲಿ ಅರ್ಧ ವಿಷಯ ಅನ್ವಯಿಸಲ್ಲ.

ಶುರುವಾಗಿದ್ದು 2024ರ ಜುಲೈಲಿ. ನಮ್ಮ ಕಡೆ ಮಳೆ ಗೊತ್ತಲ್ಲ, ಗಾಡಿ ನಿಲ್ಸೋದು ಅಂಗಳದ ಹಲಸಿನ ಮರದ ಕೆಳಗೆ, ಟ್ಯಾಂಕ್ ಕ್ಯಾಪಿನ ವಾಷರ್ ಒಣಗಿ ಕಲ್ಲಾಗಿತ್ತು. ಒಂದಿನ ಬೆಳಿಗ್ಗೆ ಮೂವತ್ತು ಕಿಕ್ ಹೊಡೆದ್ರೂ ಸ್ಟಾರ್ಟ್ ಇಲ್ಲ. ಕಾರ್ಬೊರೇಟರ್ ಕೆಳಗಿನ ಬಟ್ಟಲಲ್ಲಿ ಡ್ರೇನ್ ಸ್ಕ್ರೂ ಇರುತ್ತೆ, ಅದನ್ನ ಎರಡು ಸುತ್ತು ಸಡ್ಲ ಮಾಡಿ ಬಂದಿದ್ದನ್ನ ಗಾಜಿನ ಬಾಟ್ಲೀಲಿ ಹಿಡಿದೆ. ಅಲ್ಲಾಡ್ಸದೆ ಎರಡು ನಿಮಿಷ ಇಟ್ರೆ ಮೇಲೆ ಪೆಟ್ರೋಲು, ತಳದಲ್ಲಿ ಕೆಸುವಿನ ಎಲೆ ಮೇಲಿನ ಹನಿ ಥರ ಗುಂಡುಗುಂಡಗೆ ಉರುಳಾಡೋ ನೀರು. ಟ್ಯಾಂಕ್ ಖಾಲಿ ಮಾಡಿ ಒರೆಸಿ ಹೊಸ ಪೆಟ್ರೋಲ್ ಹಾಕಿದ್ಮೇಲೆ ಸರಿಯಾಯ್ತು.

ಅಲ್ಲಿಗೆ ಬಿಟ್ಟು ಒಂದು ಹೊಸ ವಾಷರ್ ತಂದಿದ್ರೆ ಈ ವಿಮರ್ಶೆ ಬರೆಯೋ ಪ್ರಸಂಗವೇ ಬರ್ತಿರ್ಲಿಲ್ಲ. ಪೇಟೆಗೆ ಯಾರು ಹೋಗ್ತಾರೆ ಈ ಮಳೇಲಿ ಅಂತ, ಅಟ್ಟದ ಮೇಲಿದ್ದ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕ್ಯಾಪ್ ಒಳಗೆ ಸರಿಯಾಗಿ ಕೂರೋ ಹಂಗೆ ಒಂದು ಬಿಲ್ಲೆ ಮಾಡಿ ಹಾಕ್ದೆ. ಒಂದು ಹನಿ ನೀರು ಇಳೀಲಿಲ್ಲ ಆಮೇಲೆ. ನನ್ನ ಕೈಕೆಲ್ಸದ ಬಗ್ಗೆ ನಂಗೇ ಹೆಮ್ಮೆ.

ಒಂದು ವಾರ ಆದ್ಮೇಲೆ ಗಾಡಿ ದಾರೀಲಿ ನಿಲ್ಲೋಕೆ ಶುರು. ಅದೂ ಹೆಂಗೆ ಅಂದ್ರೆ ಆರಾಮಾಗಿ ಹೋಗ್ತಿರುತ್ತೆ, ಐದಾರು ಕಿಲೋಮೀಟರ್ ಆದ್ಮೇಲೆ ಮಿಸ್ಸಿಂಗು, ಆಕ್ಸಿಲರೇಟರ್ ಕೊಟ್ಟಷ್ಟೂ ಸೊರಗುತ್ತೆ, ಆಮೇಲೆ ಎರಡು ಸಲ ಕೆಮ್ಮಿ ಆಫ್. ಹತ್ತು ನಿಮಿಷ ನಿಲ್ಸಿದ್ರೆ ಏನೂ ಆಗದೇ ಇದ್ದ ಹಂಗೆ ಒಂದೇ ಕಿಕ್ಕಿಗೆ ಸ್ಟಾರ್ಟು. ಇನ್ನೊಂದು ವಿಚಿತ್ರ ಏನು ಅಂದ್ರೆ ಫುಲ್ ಟ್ಯಾಂಕ್ ಹಾಕ್ಸಿದ ದಿನಾನೇ ಕಾಟ ಜಾಸ್ತಿ. ಹಂಗಾಗಿ ಬಂಕಿನವರ ಮೇಲೇ ನಂಗೆ ಡೌಟು, ಕಲಬೆರಕೆ ಇರ್ಬೇಕು ಅಂತ ಬಂಕ್ ಬದಲಾಯ್ಸಿದೆ, ಪಾಪ ಅವ್ರನ್ನ ಎಷ್ಟು ಬೈದಿದೀನೋ.

ಮೆಕ್ಯಾನಿಕ್ ಹತ್ರ ಹೋದೆ. ಸ್ಪಾರ್ಕ್ ಪ್ಲಗ್ ತೆಗೆದು ನೋಡ್ದ, ತುದಿ ಬೆಳ್ಳಗಿತ್ತು, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ, ಅಲ್ಲಿವರೆಗೂ ಸರಿನೇ ಹೇಳ್ದ. ಆದ್ರೆ ಅದಕ್ಕೆ ಔಷಧಿ ಅಂತ ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ದ. ಅಂಗಡಿ ಮುಂದೆ ಟ್ರಯಲ್ ನೋಡಿದ್ರೆ ಫಸ್ಟ್ ಕ್ಲಾಸು, ಮನೆ ಮುಟ್ಟೋದ್ರೊಳಗೆ ಮತ್ತೆ ಅದೇ ಕಥೆ. ಹಿಂಗೇ ಮೂರು ಸಲ. ಮೂರನೇ ಸಲ ಬೇರೆ ಕಡೆ ಕೊಟ್ಟೆ, ಅಲ್ಲಿ ಹುಡುಗ ಜೆಟ್ಟಿಗೆ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳತೆ ಮಾಡಿ ಬಿಡೋ ಸಣ್ಣ ತೂತಿನ ತಿರುಪು) ಸೂಜಿ ಹಾಕಿ ತಿರುವಿದ, ನಾನು ನೋಡ್ತಾ ನಿಂತಿದ್ದೆ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಜೆಟ್ಟು ಹಿತ್ತಾಳೆದು, ಆ ತೂತು ಕೂದ್ಲೆಳೆಯಷ್ಟು ದೊಡ್ಡದಾದ್ರೂ ಪೆಟ್ರೋಲ್ ಕುಡಿಯೋದು ಜಾಸ್ತಿ ಆಗುತ್ತೆ. ಅರವತ್ತರ ಮೇಲೆ ಕೊಡ್ತಿದ್ದ ಗಾಡಿ ಐವತ್ತಕ್ಕೆ ಇಳೀತು, ಆಮೇಲೆ ಹೊಸ ಜೆಟ್ ಹಾಕ್ಸಿದೆ. ಗಾಳಿ ಹೊಡೀರಿ, ಕ್ಲೀನರ್ ಸ್ಪ್ರೇ ಹೊಡೀರಿ, ಸೂಜಿ ಪಿನ್ನು ಮಾತ್ರ ಹತ್ರ ತರ್ಬೇಡಿ.

ಕೊನೆಗೆ ರೋಗ ಕಂಡುಹಿಡಿದಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ. ನವೆಂಬರಲ್ಲಿ ಹೆಬ್ರಿ ಕಡೆಯಿಂದ ಅಡಿಕೆ ಕೊಯ್ಲಿಗೆ ಕೊನೆಗಾರ ಒಬ್ಬನ್ನ ಕೂರಿಸ್ಕೊಂಡು ಬರ್ತಿದ್ದೆ, ದಾರೀಲಿ ಫುಲ್ ಟ್ಯಾಂಕ್ ಬೇರೆ ಮಾಡ್ಸಿದ್ದೆ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋವಾಗ ಐದೋ ಆರನೇದೋ ಹೇರ್‌ಪಿನ್ನಲ್ಲಿ ಕೆಮ್ಮಿ ನಿಲ್ತು. ಮೇಲಿಂದ ಬಸ್ಸು ಹಾರ್ನ್ ಹೊಡೀತಿದೆ, ಗೋಡೆ ಮೇಲೆ ಮಂಗಗಳು ನಮ್ಮ ಚೀಲನೇ ನೋಡ್ತಿದಾವೆ, ನಾನು ಕಿಕ್ ಹೊಡೀತಾ ಬೆವರ್ತಿದೀನಿ. ಅವನು ಇಳಿದು, "ಪೆಟ್ರೋಲ್ ಉಂಟಾ ನೋಡಿ ಮಾರಾಯ್ರೆ" ಅಂದ. ಫುಲ್ ಇದೆ ಅಂತ ತೋರ್ಸೋಕೆ ಕೀ ಹಾಕಿ ಕ್ಯಾಪ್ ಎತ್ತಿದೆ ನೋಡಿ, ಸೊಂಯ್ಯ್ ಅಂತ ಗಾಳಿ ಒಳಗೆ ಎಳ್ಕೊಂಡ ಶಬ್ದ. ಇಬ್ರೂ ಮುಖ ನೋಡ್ಕೊಂಡ್ವಿ. ಕ್ಯಾಪ್ ತೆಗೆದಿದ್ದ ಹಂಗೇ ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದ್ರೆ ಸ್ಟಾರ್ಟು! ಅವನು ನಕ್ಕೊಂಡು, "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರ್ತದಾ ಮಾರಾಯ್ರೆ, ಆಚೆ ಕಡೆ ಇನ್ನೊಂದು ಹೊಡೀಬೇಕು" ಅಂದ.

ಕ್ಯಾಪಲ್ಲಿ ಗಾಳಿ ಹೋಗೋಕೆ ಒಂದು ಸಣ್ಣ ತೂತು ಇರುತ್ತೆ, ನನ್ನ ಟ್ಯೂಬ್ ಬಿಲ್ಲೆ ಅದನ್ನ ಮುಚ್ಚಿ ಕೂತಿತ್ತು. ಪೆಟ್ರೋಲ್ ಇಳಿದಷ್ಟು ಜಾಗಕ್ಕೆ ಗಾಳಿ ಬರ್ಬೇಕು, ಬರ್ದಿದ್ರೆ ಒಳಗೆ ವ್ಯಾಕ್ಯೂಮ್ ಆಗಿ ಪೆಟ್ರೋಲನ್ನ ಹಿಡ್ಕೊಂಡು ಬಿಡುತ್ತೆ. ಫುಲ್ ಟ್ಯಾಂಕ್ ಇದ್ದಾಗ ಮೇಲೆ ಗಾಳಿ ಇರೋದೇ ಒಂಚೂರು, ಹಂಗಾಗಿ ಬೇಗ ವ್ಯಾಕ್ಯೂಮು. ಹತ್ತು ನಿಮಿಷ ನಿಲ್ಸಿದ್ರೆ ಸಂದೀಲಿ ಒಂಚೂರು ಗಾಳಿ ನುಸುಳಿ ಸರಿಹೋಗ್ತಿತ್ತು. ಬಂಕ್ ಪೆಟ್ರೋಲಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.

ಈಗ ನಾನು ಮಾಡೋದು ಇಷ್ಟೇ, ಇಂಜಿನ್ ತಣ್ಣಗಾದ್ಮೇಲೆ, ಬಯಲಲ್ಲಿ, ಹತ್ರ ಬೀಡಿ ಸೇದೋರು ಯಾರೂ ಇಲ್ದಾಗ, ಪೈಪನ್ನ ಕಾರ್ಬೊರೇಟರ್ ಕಡೆಯಿಂದ ಕಳಚಿ ಬಾಟ್ಲಿಗೆ ಬಿಟ್ಟು ಕಾಕ್ (ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ) ಆನ್ ಮಾಡ್ತೀನಿ. ಧಾರೆ ಒಂದೇ ಸಮ ಬರ್ತಾನೇ ಇದ್ರೆ ಟ್ಯಾಂಕಿಂದ ಇಲ್ಲಿವರೆಗೆ ಸರಿ ಇದೆ, ಆಮೇಲೆ ಕಾರ್ಬೊರೇಟರ್ ನೋಡೋದು. ಮೊದ್ಲು ಜೋರಾಗಿ ಬಂದು ಆಮೇಲೆ ಸಣ್ಣಗಾಗಿ, ಕ್ಯಾಪ್ ತೆಗೆದ ಕೂಡ್ಲೇ ಮತ್ತೆ ಜೋರಾದ್ರೆ ಕ್ಯಾಪೇ ಕಳ್ಳ. ತೆಗೆದ್ರೂ ಸಣ್ಣಗೇ ಬಂದ್ರೆ ಕಾಕಿನ ಜಾಲರಿ ಇಲ್ಲಾ ಫಿಲ್ಟರ್ ಕಟ್ಟಿದೆ. ಐದು ನಿಮಿಷದ ಕೆಲ್ಸ, ಯಾರೂ ನಂಗೆ ಮಾಡಿ ತೋರಿಸ್ಲಿಲ್ಲ. ಇನ್ನು ಚೋಕ್ ಎಳೆದ್ರೆ ಮಾತ್ರ ಐಡ್ಲಿಂಗ್ ನಿಲ್ಲುತ್ತೆ ಅಂದ್ರೆ ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಸಣ್ಣ ಜೆಟ್ಟು) ಮೇಲೆ ಅನುಮಾನ ಪಡಿ.

ನೀರು ಹೋಗಿದ್ದಕ್ಕೆ ಟ್ಯಾಂಕಲ್ಲಿ ತುಕ್ಕೂ ಹಿಡಿದಿತ್ತು. ಅದು ಗೊತ್ತಾಗಿದ್ದು ರಿಸರ್ವಿಗೆ ತಿರುಗ್ಸಿದಾಗೆಲ್ಲ ಜರ್ಕ್ ಹೊಡೀತಿದ್ದಕ್ಕೆ. ಕಾಕ್ ಬಿಚ್ಚಿದ್ರೆ ಕಾಣುತ್ತೆ, ಆನ್‌ಗೆ ಇರೋ ಕೊಳವೆ ಟ್ಯಾಂಕ್ ಒಳಗೆ ಎತ್ತರಕ್ಕೆ ನಿಂತಿರುತ್ತೆ, ರಿಸರ್ವ್ ಎಳ್ಕೊಳ್ಳೋದು ತಳದಿಂದ, ಅಲ್ಲೇ ನೀರು ತುಕ್ಕು ಎಲ್ಲಾ ಕೂತಿರೋದು. ಡಿಸೆಂಬರ್ ಬಿಸಿಲು ನೋಡ್ಕೊಂಡು ಟ್ಯಾಂಕ್ ಕಳಚಿ ಚೆನ್ನಾಗಿ ತೊಳೆದು ಬಿಸಿನೀರಿಗೆ ನಿಂಬೆಉಪ್ಪು ಕಲ್ಸಿ ತುಂಬಿ ಒಂದು ರಾತ್ರಿ ಬಿಟ್ಟೆ, ಬೆಳಿಗ್ಗೆ ಕಾಫಿ ಡಿಕಾಕ್ಷನ್ ಥರ ಬಂತು. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗ್ಸಿ, ತಡ ಮಾಡ್ದೇ ಒಂಚೂರು ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿದೆ, ಇಲ್ಲಾಂದ್ರೆ ಸಂಜೆಯೊಳಗೆ ಮತ್ತೆ ಕೆಂಪು. ಅಮ್ಮ ಬಚ್ಚಲೊಲೆ ಹತ್ರ ಇಡು ಬೇಗ ಒಣಗುತ್ತೆ ಅಂದ್ಲು, ಪೆಟ್ರೋಲ್ ಕುಡಿದ ಟ್ಯಾಂಕು ಕಣೇ, ಬಚ್ಚಲೇ ಹಾರಿಹೋಗುತ್ತೆ ಅಂದೆ.

ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್, ಅದ್ರ ಬಗ್ಗೆ ಕೇಳ್ತೀರಿ ಅಂತ ಗೊತ್ತು. 2023ರ ಫೆಬ್ರವರೀಲಿ ಬೆಂಗಳೂರಲ್ಲೇ ಅದನ್ನ ಬಿಡುಗಡೆ ಮಾಡಿದ್ದು, ಈಗ ಬಂಕಲ್ಲಿ ಸಿಗೋದು ಹೆಚ್ಚುಕಮ್ಮಿ ಅದೇ. ಎಥೆನಾಲ್ ನೀರನ್ನ ಹೀರ್ಕೊಳ್ಳುತ್ತೆ, ಜಾಸ್ತಿ ಆದ್ರೆ ನೀರೂ ಎಥೆನಾಲೂ ಸೇರಿ ಬೇರೆಯಾಗಿ ತಳಕ್ಕಿಳಿಯುತ್ತೆ, ಮಳೆಗಾಲದಲ್ಲಿ ವಾರಗಟ್ಲೆ ನಿಲ್ಸೋ ಹಳೇ ಗಾಡಿಗೆ ಒಳ್ಳೇದಲ್ಲ. ನಾನು ಪೈಪು ಬದಲಾಯ್ಸಿದೀನಿ, ಗಾಡಿ ನಿಲ್ಲೋಕೆ ಬಿಡಲ್ಲ, ಅಷ್ಟೇ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ ಗಾಡಿಗೆ. ಈಗ ಒರಿಜಿನಲ್ ವಾಷರ್ ಇದೆ, ಘಾಟೀಲಿ ನಿಂತಿಲ್ಲ. ಒಂದೇ ಬಾಕಿ, ರಾತ್ರಿ ಕಾಕ್ ಆಫ್ ಮಾಡೋಕೆ ಮರೆತ್ರೆ ಬೆಳಿಗ್ಗೆ ಓವರ್‌ಫ್ಲೋ ಪೈಪಿನ ಕೆಳಗೆ ಅಂಗೈಯಗಲ ಒದ್ದೆ ಇರುತ್ತೆ, ಕಾರ್ಬೊರೇಟರ್ ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಸೋ ಫ್ಲೋಟಿನ ಪಿನ್ ಸವೆದಿದೆ. ಕೊಯ್ಲು ಮುಗೀಲಿ, ಹಾಕ್ಸ್ಬೇಕು.