ಗುಳಿಗೆ ಎಲ್ಲಿಡೋಣ? ಒಂದು ವರ್ಷದಲ್ಲಿ ನಾವು ನೋಡಿದ ಐದು ಜಾಗ

ನಮ್ಮ ಅತ್ತೆಯ ಎಲೆ ಅಡಿಕೆ ಸಂಚಿಯಲ್ಲಿ ಮೂರು ಅರೆಗಳಿವೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಚಿಲ್ಲರೆ. ಆ ಚಿಲ್ಲರೆಯ ಜೊತೆ ಸಕ್ಕರೆ ಕಾಯಿಲೆಯ ಗುಳಿಗೆಯೂ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ, ಯುಗಾದಿ ಮುಗಿದ ವಾರ. ಎರಡೂವರೆ ವರ್ಷದ ಮಗಳು ಸಂಚಿ ಬಿಚ್ಚಿಕೊಂಡು ಕೂತಿದ್ದಳು. ನಾಲಿಗೆಯ ಮೇಲೆ ತಿಳಿ ಹಸಿರು ಬಣ್ಣ ಇತ್ತು.

ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಓಡಿದರು. ನಮ್ಮ ಕಡೆ ಹಿರಿಯರು ಹೇಳುವುದೇ ಅದು. ನಾನು ಬೇಡ ಎಂದೆ. ಹಾಗೆ ಮಾಡಬಾರದು ಅಂತ ಎಲ್ಲೋ ಕೇಳಿದ್ದು ಆ ಹೊತ್ತಿಗೆ ನೆನಪಾಯಿತು, ಅಷ್ಟೇ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಸ್ಟ್ರಿಪ್ ತಂದಿದ್ದೀರಾ?" ತಂದಿರಲಿಲ್ಲ. ಸಂಚಿಯಲ್ಲಿ ಇದ್ದದ್ದು ಕತ್ತರಿಸಿದ ಬಿಡಿ ಗುಳಿಗೆ. ಹೆಸರೂ ಇಲ್ಲ, ತಾರೀಖೂ ಇಲ್ಲ. ಯಜಮಾನರು ಮನೆಗೆ ಹೋಗಿ ಹಳೆ ಚೀಟಿ ಹುಡುಕಿ ತಂದರು. ಗ್ಲಿಮೆಪಿರೈಡ್. ಇಂಥ ಗುಳಿಗೆ ಒಂದೇ ಒಂದು ಸಾಕಂತೆ, ಸಣ್ಣ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಲು. ಅದೂ ಕೂಡಲೇ ಅಲ್ಲ, ಎಷ್ಟೋ ತಾಸು ಬಿಟ್ಟು ಇಳಿಯಬಹುದು. ಹಾಗಾಗಿ ಮಗು ಚೆನ್ನಾಗಿ ಆಡುತ್ತಿದ್ದರೂ ಮನೆಗೆ ಕಳಿಸಲಿಲ್ಲ. ಇಪ್ಪತ್ತನಾಲ್ಕು ತಾಸು ಇಟ್ಟುಕೊಂಡು, ಮತ್ತೆ ಮತ್ತೆ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಒಮ್ಮೆ ಇಳಿಯಿತು, ಸಲೈನಿನಲ್ಲಿ ಗ್ಲೂಕೋಸ್ ಕೊಟ್ಟರು. ಮರುದಿನ ಸಂಜೆ ಮನೆಗೆ ಬಂದೆವು.

ಅವತ್ತು ನಮ್ಮ ಮನೆಯಲ್ಲಿ ಎಷ್ಟು ಔಷಧ ಇದೆ ಅಂತ ಮೊದಲ ಸಲ ಒಂದು ಕಡೆ ಹರವಿ ನೋಡಿದೆ. ಅತ್ತೆಯ ಸಕ್ಕರೆ ಗುಳಿಗೆ. ಮಾವನ ಬಿಪಿಯ ಅಮ್ಲೋಡಿಪಿನ್. ಬಾಣಂತನಕ್ಕೆ ತವರಿಗೆ ಬಂದಿದ್ದ ನಾದಿನಿಯ ಕಬ್ಬಿಣದ ಕೆಂಪು ಗುಳಿಗೆ. ಮಕ್ಕಳ ಜ್ವರದ ಸಿರಪ್. ಇವುಗಳಲ್ಲಿ ಸಿರಪ್ ಮೇಲೇ ನನಗೆ ಜಾಸ್ತಿ ಭಯ ಇತ್ತು. ಆದರೆ ನಿಜವಾಗಿ ಜಾಸ್ತಿ ಹೆದರಬೇಕಾದದ್ದು ಹಿರಿಯರ ಗುಳಿಗೆಗೆ. ಆ ಕೆಂಪು ಗುಳಿಗೆಯನ್ನೇ ನೋಡಿ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ನುಣುಪಾಗಿ, ಥೇಟ್ ಪೆಪ್ಪರಮೆಂಟಿನಂತೆ ಕಾಣುತ್ತದೆ. ಹತ್ತು ಕಿಲೋ ತೂಕದ ಮಗು ಹತ್ತು ಗುಳಿಗೆ ನುಂಗಿದರೆ ಜೀವಕ್ಕೇ ಅಪಾಯ.

ಮೊದಲು ಎತ್ತರದ ಜಾಗ ನೋಡಿದೆವು. ಎಲ್ಲವನ್ನೂ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿ ಟ್ರೆಜರಿ, ಅಂದರೆ ಬೀರುವಿನ ಮೇಲೆ ಇಟ್ಟೆವು. ಖರ್ಚಿಲ್ಲ, ಮಗಳ ಕೈಗೂ ಸಿಗುವುದಿಲ್ಲ. ಅತ್ತೆಗೂ ಇದು ಒಪ್ಪಿಗೆ. ಹಳೆ ಬಾಗಲಕೋಟೆಯ ಮನೆಯಲ್ಲಿ ಗೋಡೆಯ ಮಾಡದಲ್ಲಿ, ನಾಗಂದಿಗೆಯ ಮೇಲೆ ಇಡುತ್ತಿದ್ದರಂತೆ. ಏನೂ ಆಗಿರಲಿಲ್ಲವಂತೆ. ನಿಜ ಇರಬಹುದು. ಆದರೆ ಆಗ ಮಾಡದಲ್ಲಿ ಇದ್ದದ್ದು ಬಜೆ, ಜಾಯಿಕಾಯಿ, ಓಮದ ನೀರು. ಬಿಪಿ ಗುಳಿಗೆ ಇರಲಿಲ್ಲ.

ಎತ್ತರದ ಜಾಗ ಮೂರು ವಾರ ನಡೆಯಿತು. ಮಾವನಿಗೆ ಭುಜ ನೋವು. ದಿನಾ ಮುಂಜಾನೆ ಕೈ ಎತ್ತಿ ಚೀಲ ಇಳಿಸುವುದು ಅವರಿಗೆ ಆಗಲಿಲ್ಲ. ಸುಮ್ನೆ ಯಾಕೆ ತೊಂದರೆ ಅಂತ ಒಂದು ಸ್ಟ್ರಿಪ್ ಚಹಾದ ಟೀಪಾಯಿ ಮೇಲೆ ಉಳಿಯಿತು. ಆಮೇಲೆ ಎರಡು. ಅವರ ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ದಿನಾ ಔಷಧ ತೆಗೆದುಕೊಳ್ಳುವವರು ಅವರು. ಅವರಿಗೆ ಕಷ್ಟ ಆಗುವ ಜಾಗದಲ್ಲಿ ಔಷಧ ಉಳಿಯುವುದೇ ಇಲ್ಲ, ಅಲ್ವಾ? ಈ ಒಂದು ಮಾತು ಗೊತ್ತಾದ ಮೇಲೆ ಉಳಿದ ಜಾಗಗಳನ್ನೆಲ್ಲ ನಾನು ಅದರಿಂದಲೇ ಅಳೆದೆ.

ಇನ್ನೊಂದು ತೊಂದರೆ ಬಿಸಿಲು. ನವನಗರದ ನಮ್ಮ ಮನೆ ಆರ್‌ಸಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಸ್ಲ್ಯಾಬಿನ ಕೆಳಗಿನ ಜಾಗವೇ ಮನೆಯಲ್ಲಿ ಎಲ್ಲಕ್ಕಿಂತ ಬಿಸಿ. ಸ್ಟ್ರಿಪ್ ಮೇಲೆ ನೋಡಿದರೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಬರೆದಿರುತ್ತದೆ. ಟ್ರೆಜರಿ ಮೇಲಿದ್ದ ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ರಿಜ್ ಮೇಲೆ ಇಟ್ಟರೂ ಅಷ್ಟೇ. ಅಲ್ಲಿಗೆ ನಮ್ಮ ಆರು ವರ್ಷದ ಮಗ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹತ್ತಿದ್ದನ್ನೂ ನೋಡಿದೆ.

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಕ್ಕುಲಿ ಡಬ್ಬಿ ತೆಗೆಯುವ ಮಗುವಿಗೆ ಇದೂ ಬರುತ್ತದೆ.

ಆಮೇಲೆ ಡ್ರಾಯರಿಗೆ ಅಂಟಿಸುವ ಲ್ಯಾಚ್ ತರಿಸಿದೆ. ಎರಡಕ್ಕೆ 150 ರೂಪಾಯಿ. ಒಳಗೆ ಬೆರಳು ಹಾಕಿ ಒತ್ತಿದರೆ ಮಾತ್ರ ಡ್ರಾಯರು ತೆರೆಯುತ್ತದೆ. ಮಗಳಿಗೆ ತೆಗೆಯಲು ಬರಲಿಲ್ಲ, ಎತ್ತರವೂ ಹಿರಿಯರಿಗೆ ಸರಿಯಾಗಿತ್ತು. ನನಗೆ ಇದು ಬಹಳ ಹಿಡಿಸಿತ್ತು. ಆದರೆ ಮಗ ನಾಲ್ಕೇ ದಿನಕ್ಕೆ ಕಲಿತ. ಎರಡು ತಿಂಗಳಿಗೆ ಧೂಳು, ಸೆಕೆಗೆ ಅಂಟು ಬಿಟ್ಟಿತು. ಬಿಟ್ಟದ್ದು ನಮಗೆ ತಕ್ಷಣ ಗೊತ್ತಾಗಲಿಲ್ಲ. ಸ್ಕ್ರೂ ಹಾಕುವ ಲ್ಯಾಚ್ ಆದರೆ ಬಾಳುತ್ತದೆ. ಮನೆಯಲ್ಲಿ ಬರೀ ಪುಟ್ಟ ಮಗು ಇದ್ದವರಿಗೆ ಅದನ್ನು ಧೈರ್ಯವಾಗಿ ಹೇಳುತ್ತೇನೆ. ದೊಡ್ಡ ಮಗುವೂ ಇದ್ದರೆ ಬೇಡ.

ಒತ್ತಿ ತಿರುಗಿಸುವ ಮುಚ್ಚಳದ ಸಿರಪ್ ಬಾಟಲಿಯದೂ ಇದೇ ಕಥೆ. ನಮ್ಮಲ್ಲಿ ಹೆಚ್ಚಿನ ಸಿರಪ್‌ಗಳಿಗೆ ಆ ಮುಚ್ಚಳ ಬರುವುದೇ ಇಲ್ಲ. ಬಂದ ಒಂದು ಬಾಟಲಿಯನ್ನು ನಾನು ತೆಗೆಯುವುದನ್ನು ಎರಡು ಸಲ ನೋಡಿ ಮಗ ತಾನೇ ತೆಗೆದ. ಅಮೆರಿಕದಲ್ಲಿ 1970ರಲ್ಲೇ ಇಂಥ ಮುಚ್ಚಳಕ್ಕೆ ಕಾನೂನು ಬಂದಿದೆ. ಅಲ್ಲಿ ಮುಚ್ಚಳವನ್ನು ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೇ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಮೊದಲು ಐದು ನಿಮಿಷ ಸುಮ್ಮನೆ ಕೊಡುತ್ತಾರೆ. ಆಮೇಲೆ ಹೇಗೆ ತೆಗೆಯುವುದು ಅಂತ ತೋರಿಸಿ ಇನ್ನೈದು ನಿಮಿಷ ಕೊಡುತ್ತಾರೆ. ಕೊನೆಗೆ ನೂರಕ್ಕೆ 80 ಮಕ್ಕಳಿಗೆ ತೆಗೆಯಲು ಬರದಿದ್ದರೆ ಮುಚ್ಚಳ ಪಾಸ್. ಅಂದರೆ ಐದು ಮಕ್ಕಳಲ್ಲಿ ಒಂದು ಮಗು ತೆಗೆದರೂ ಪಾಸೇ. ಆ ಮುಚ್ಚಳ ಸಿಕ್ಕರೆ ಒಳ್ಳೆಯದು, ನಮಗೆ ಸ್ವಲ್ಪ ಹೊತ್ತು ಸಿಗುತ್ತದೆ. ಆದರೆ ಅದನ್ನೇ ನಂಬಿ ಬಾಟಲಿಯನ್ನು ಕೆಳಗೆ ಇಡಬೇಡಿ.

ನಾಲ್ಕನೆಯದು ಕಬ್ಬಿಣದ ಗಲ್ಲೆ ಪೆಟ್ಟಿಗೆ. ಅಂಗಡಿಯವರು ದುಡ್ಡು ಇಡುವಂಥದ್ದು, 600 ರೂಪಾಯಿ. ಮೊದಲು ನಂಬರ್ ಲಾಕ್ ಇರುವುದನ್ನು ತಂದೆ. ಕೀಲಿಕೈ ಕಳೆಯುವ ಚಿಂತೆ ಇಲ್ಲ ಅಂತ. ಅತ್ತೆಗೆ ಚಾಳೀಸಿಲ್ಲದೆ ಆ ಸಣ್ಣ ಅಂಕಿ ಕಾಣುವುದಿಲ್ಲ. ಒಂದು ರಾತ್ರಿ ಕರೆಂಟ್ ಹೋದಾಗ ಗುಳಿಗೆಯನ್ನೇ ತೆಗೆದುಕೊಳ್ಳದೆ ಮಲಗಿದರು. ಮಗುವನ್ನು ಕಾಯಲು ಹೋಗಿ ಅತ್ತೆಯ ಔಷಧ ತಪ್ಪಿಸುವುದು ಸರಿಯಲ್ಲ. ಅದನ್ನು ಬದಲಾಯಿಸಿ ಕೀಲಿಕೈ ಇರುವ ಪೆಟ್ಟಿಗೆ ತಂದೆವು. ಕೀಲಿಕೈ ಪೆಟ್ಟಿಗೆಯಲ್ಲೇ ನೇತಾಡತೊಡಗಿತು. ಅದನ್ನು ಎಲ್ಲಿಡಬೇಕು ಅಂತ ಯಾರಿಗೂ ಅಭ್ಯಾಸ ಇರಲಿಲ್ಲ.

ಕೊನೆಗೆ ಉಳಿದದ್ದು ಗೋಡೆಗೆ ಹೊಡೆದ ಸಣ್ಣ ಸ್ಟೀಲ್ ಕಪಾಟು. 1,400 ರೂಪಾಯಿ, ಡ್ರಿಲ್ ಮಾಡಿದವರಿಗೆ ಬೇರೆ. ಅಡುಗೆಮನೆಯಲ್ಲಿ ಬೇಡ, ಬಚ್ಚಲಲ್ಲೂ ಬೇಡ ಅಂತ ಪಡಸಾಲೆಯ ಬಿಸಿಲು ಬೀಳದ ಗೋಡೆಗೆ ಹಾಕಿಸಿದೆವು. ಮಾವನ ಎದೆಮಟ್ಟಕ್ಕೆ ಇದೆ, ಕೈ ಎತ್ತುವುದು ಬೇಡ. ಕೀಲಿಕೈ ಎಲ್ಲಿಡುವುದು ಅನ್ನುವುದಕ್ಕೆ ಅತ್ತೆಯೇ ದಾರಿ ಹೇಳಿದರು. ಟ್ರೆಜರಿಯ ಕೀಲಿಕೈ ನಲವತ್ತು ವರ್ಷದಿಂದ ಅವರ ಸೊಂಟದಲ್ಲಿದೆ. ಕಪಾಟಿನದೂ ಅದೇ ಗೊಂಚಲಿಗೆ ಸೇರಿತು. ಅವತ್ತಿನಿಂದ ಒಂದು ದಿನವೂ ಕೀಲಿ ಹಾಕುವುದು ತಪ್ಪಿಲ್ಲ. ಇನ್ನೊಂದು ಕೀಲಿಕೈ ನನ್ನ ಹತ್ತಿರ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟೋ ದಿನ ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದರು. ಕಾಯುವ ಕೆಲಸ ಅವರ ಕೈಗೇ ಬಂದ ಮೇಲೆ ಆ ಹೆದರಿಕೆ ಹೋಯಿತು. ನನಗೆ ಕಪಾಟಿಗಿಂತ ಅದೇ ದೊಡ್ಡದು.

ಕಪಾಟಿನೊಳಗೂ ಒಂದಿಷ್ಟು ಬದಲಾಯಿಸಿದೆವು. ಬಿಡಿ ಗುಳಿಗೆ ಇಲ್ಲ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರಿರುವ ತುದಿ ನಮಗೆ ಬರಲಿ ಅಂತ ಕೇಳುತ್ತೇನೆ. ಮಾವನಿಗೆ ವಾರದ ಏಳು ಖಾನೆಯ ಡಬ್ಬಿ ತಂದಿದ್ದೇವೆ. ಎರಡು ಸಲ ತೆಗೆದುಕೊಳ್ಳುವ ಗೊಂದಲ ತಪ್ಪಿತು. ಆದರೆ ಆ ಡಬ್ಬಿಯನ್ನು ಮಗು ಕ್ಷಣದಲ್ಲಿ ತೆಗೆಯುತ್ತದೆ, ಹಾಗಾಗಿ ಅದೂ ಕೀಲಿಯ ಒಳಗೇ. ದೇವರ ಗೂಡಿನ ಕರ್ಪೂರವೂ ಇಲ್ಲಿಗೇ ಬಂತು. ಸ್ವಲ್ಪ ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಬಟ್ಟೆಯ ನಡುವೆ ಇಡುವ ನುಸಿ ಗುಳಿಗೆಯನ್ನು ಮನೆಯಿಂದಲೇ ತೆಗೆದೆವು. ಇನ್ಸುಲಿನ್ ಇದ್ದವರ ಲೆಕ್ಕ ಬೇರೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಪಕ್ಕದ ಮನೆಯವರು ಪುಟ್ಟ ಕೀಲಿ ಪೆಟ್ಟಿಗೆಯನ್ನು ಫ್ರಿಜ್ಜಿನೊಳಗೇ ಇಟ್ಟಿದ್ದಾರೆ.

ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿದ್ದೇವೆ. 108. ಅದರ ಕೆಳಗೆ ದಿಲ್ಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ನಂಬರು, 1800 116 117. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅದರ ಕೆಳಗೆ ಅತ್ತೆಗೆ ಕಾಣುವಷ್ಟು ದೊಡ್ಡದಾಗಿ ಮಗ ಬರೆದದ್ದು: "ವಾಂತಿ ಮಾಡಿಸಬೇಡಿ. ಸ್ಟ್ರಿಪ್ ಜೊತೆ ಒಯ್ಯಿರಿ."

ಮಾತಿನಲ್ಲೂ ಎರಡು ಬಗೆ ನೋಡಿದ್ದೇನೆ. ಮಗ ಸಣ್ಣವನಿದ್ದಾಗ "ಚಾಕೊಲೇಟ್ ಇದು, ನುಂಗು" ಅಂತ ಔಷಧ ಕೊಡುತ್ತಿದ್ದೆ. ಬೇಗ ಕೆಲಸ ಆಗುತ್ತಿತ್ತು. ಆಮೇಲೆ ಅವನೇ ಬಾಟಲಿ ಹುಡುಕಿಕೊಂಡು ಬಂದು "ಚಾಕೊಲೇಟ್ ಕೊಡು" ಅನ್ನುತ್ತಿದ್ದ. ಮಗಳಿಗೆ ಈಗ "ಇದು ಔಷಧ, ಅವ್ವ ಕೊಟ್ಟಾಗ ಮಾತ್ರ" ಅನ್ನುತ್ತೇನೆ. ಅಳುತ್ತಾಳೆ, ಹಟ ಮಾಡುತ್ತಾಳೆ, ಹತ್ತು ನಿಮಿಷ ಹೋಗುತ್ತದೆ. ಹೋಗಲಿ.

ಇನ್ನೂ ಪೂರ್ತಿ ಬಗೆಹರಿಯದ್ದು ಬಂದವರ ಚೀಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗುವವರು ನಮ್ಮಲ್ಲಿ ಇಳಿಯುತ್ತಾರೆ. ಎಂಟು ಹತ್ತು ಮಂದಿ, ಎಲ್ಲರ ವ್ಯಾನಿಟಿ ಬ್ಯಾಗಿನಲ್ಲೂ ಗುಳಿಗೆ, ಎಲ್ಲ ಬ್ಯಾಗೂ ನೆಲದ ಮೇಲೆ. ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಮೊದಲು ಅಂಜಿದೆ. ಈ ಸಲ ನೀರು ಕೊಟ್ಟ ಕೂಡಲೇ ಅತ್ತೆಯೇ ಕೇಳಿದರು, "ಗುಳಿಗೆ ಇದ್ರ ಕೊಡ್ರಿ, ಕಪಾಟಿನ್ಯಾಗ ಇಡ್ತೀನಿ." ಎಲ್ಲರೂ ಕೊಟ್ಟರು. ಊರಿಗೆ ಹೋಗುವಾಗ ನಾವು ಆ ಗಲ್ಲೆ ಪೆಟ್ಟಿಗೆ ಒಯ್ಯುತ್ತೇವೆ. ಅದರ ಕೀಲಿಕೈಯೂ ಈಗ ಅತ್ತೆಯ ಗೊಂಚಲಿನಲ್ಲೇ ಇದೆ.