ಎರಡು ಬ್ಯಾಟರಿ ಜೋಡಿಸಿದ ಸ್ಕೂಟರನ್ನು ಒಂದೇ ಚಾರ್ಜರಿಗೆ ಹಾಕಬೇಡಿ

ಎಲೆಕ್ಟ್ರಿಕ್ ಸ್ಕೂಟರಿಗೆ ಎರಡನೇ ಬ್ಯಾಟರಿ ಸೇರಿಸಿಕೊಂಡವರು ಇವತ್ತು ರಾತ್ರಿ ಚಾರ್ಜಿಗೆ ಹಾಕುವ ಮೊದಲು ಇದನ್ನು ಓದಿ. ಓಡಿಸುವಾಗ ಯಾವ ತಕರಾರೂ ಮಾಡದ ಜೋಡಣೆಯೇ ಚಾರ್ಜಿಗೆ ಹಾಕಿದಾಗ ಹೊತ್ತಿಕೊಳ್ಳಬಹುದು.

ಹೀಗೆ ಹಾಳಾದ ಒಂದು ಸ್ಕೂಟರಿನ ಜೋಡಣೆ ಹೀಗಿತ್ತು: 48 ವೋಲ್ಟಿನ ಗಾಡಿ, ಒಳಗೆ 13 ಸೀರೀಸಿನ (13 ಸೆಲ್ ಗುಂಪುಗಳನ್ನು ಒಂದರ ಹಿಂದೊಂದು ಜೋಡಿಸಿದ) ಲಿಥಿಯಂ ಅಯಾನ್ ಪ್ಯಾಕು. ಹ್ಯಾಂಡಲಿಗೆ ಕಟ್ಟಿದ ಚೀಲದಲ್ಲಿ ಅಷ್ಟೇ ವೋಲ್ಟೇಜಿನ ಇನ್ನೊಂದು, ಬಳಸಿದ ಸೆಲ್‌ಗಳಿಂದ ಕಟ್ಟಿದ್ದು. ಎರಡರ ದಪ್ಪ ವೈರುಗಳನ್ನೂ ಎರಡು ಕವಲು ಒಂದಾಗುವ ವೈ ಕೇಬಲ್ಲಿನಲ್ಲಿ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ, ಮೋಟರನ್ನು ನಡೆಸುವ ಕಂಟ್ರೋಲರಿಗೆ ಕೊಟ್ಟಿದ್ದರು. ಚಾರ್ಜ್ ಮಾಡುವುದು ಮಾತ್ರ ಗಾಡಿಯ ಮೂಲ ಚಾರ್ಜಿಂಗ್ ಪಿನ್ನಿನಿಂದ, 2 ಆಂಪಿಯರಿನ ಒಂದೇ ಚಾರ್ಜರಿನಲ್ಲಿ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಎರಡೂ ತುಂಬಿರುತ್ತಿದ್ದವು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ರಾತ್ರಿ ಚೀಲದೊಳಗಿನ ಪ್ಯಾಕಿನ ಒಂದು ಗುಂಪಿನ ಸೆಲ್‌ಗಳು ಬಾಯಿ ಬಿಚ್ಚಿ ಹೊಗೆ ಕಾರಿದವು. ಚೀಲ ಕರಗಿತು, ವೈ ಕೇಬಲ್ಲಿನ ಹೊದಿಕೆ ಸುಟ್ಟಿತು. ಗಾಡಿಯ ಮೂಲ ಪ್ಯಾಕಿಗೆ ಏನೂ ಆಗಲಿಲ್ಲ. ಚಾರ್ಜರೂ ಸರಿಯಾಗಿಯೇ ಇತ್ತು.

ಚಾರ್ಜರ್ ಸರಿ, ಪ್ಯಾಕಿನಲ್ಲಿ ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಇದೆ, ಆದರೂ ಸೆಲ್ ಯಾಕೆ ಸಿಡಿಯಿತು? ಉತ್ತರ ಬಿಎಂಎಸ್ ಬೋರ್ಡಿನ ಮೇಲೇ ಬರೆದಿರುತ್ತದೆ. ಬಿ ಮೈನಸ್ (ಸೆಲ್‌ಗಳ ಕಡೆ), ಪಿ ಮೈನಸ್ (ಮೋಟರಿನ ಕಡೆ), ಸಿ ಮೈನಸ್ (ಚಾರ್ಜರಿನ ಕಡೆ) ಎಂದು ಮೂರು ಗುರುತು ಇದ್ದು ಮೂರಕ್ಕೂ ವೈರು ಹೋಗಿದ್ದರೆ, ಆ ಬೋರ್ಡಿಗೆ ಒಳಬರುವ ದಾರಿ ಬೇರೆ, ಹೊರಹೋಗುವ ದಾರಿ ಬೇರೆ. ಸೆಲ್ ತುಂಬಿ ತುಳುಕುವಾಗ ಕರೆಂಟು ಕಡಿಯುವ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಇರುವುದು ಸಿ ಮೈನಸ್ ದಾರಿಯಲ್ಲಿ. ಮೋಟರಿಗೆ ಹೋಗುವ ಪಿ ಮೈನಸ್ ದಾರಿಯಲ್ಲಿ ಇರುವುದು ಸೆಲ್ ಬರಿದಾಗುವಾಗ ಕಡಿಯುವುದಷ್ಟೆ.

ಈಗ ಅಂಥ ಬೋರ್ಡಿರುವ ಪ್ಯಾಕುಗಳಲ್ಲಿ ಕರೆಂಟಿನ ಹಾದಿ ನೋಡಿ. ಚಾರ್ಜರಿನಿಂದ ಮೊದಲ ಪ್ಯಾಕಿನ ಸಿ ಮೈನಸ್ ಮೂಲಕ ಒಳಗೆ, ಅದೇ ಪ್ಯಾಕಿನ ಪಿ ಮೈನಸ್ ಮೂಲಕ ಹೊರಗೆ, ವೈ ಕೇಬಲ್ ದಾಟಿ ಎರಡನೇ ಪ್ಯಾಕಿನ ಪಿ ಮೈನಸ್ಸಿಗೆ. ಎರಡನೆಯದಕ್ಕೆ ಕರೆಂಟು ಬಂದದ್ದು ಕಾವಲಿಲ್ಲದ ಹಿತ್ತಿಲ ಬಾಗಿಲಿನಿಂದ. ಅದರ ಬಿಎಂಎಸ್ಸಿಗೆ ಒಂದು ಗುಂಪು ಮಿತಿ ದಾಟಿದ್ದು ಗೊತ್ತಾಗುತ್ತದೆ, ತನ್ನ ಚಾರ್ಜ್ ಮಾಸ್‌ಫೆಟ್ಟನ್ನು ಮುಚ್ಚಿಯೂ ಬಿಡುತ್ತದೆ. ಆದರೆ ಆ ದಾರಿಯಲ್ಲಿ ಯಾರೂ ಬರುತ್ತಿಲ್ಲ! ಇನ್ನೂ ಒಂದು ತೊಡಕು ಇದೆ. ಪ್ಯಾಕು ಬರಿದಾಗಿ ಬಿಎಂಎಸ್ ಹೊರದಾರಿಯನ್ನು ಕಡಿದಿದ್ದರೂ ಆ ಮಾಸ್‌ಫೆಟ್ಟಿನೊಳಗಿನ ಡಯೋಡ್ (ಒಂದೇ ದಿಕ್ಕಿಗೆ ಕರೆಂಟು ಬಿಡುವ ಭಾಗ) ಒಳಮುಖವಾಗಿ ಕರೆಂಟು ಬಿಡುತ್ತದೆ. ‘ಬಿಎಂಎಸ್ ಆಫ್ ಆಗಿದೆ, ಏನೂ ಆಗಲ್ಲ’ ಅನ್ನುವುದು ಅದಕ್ಕೇ ಸುಳ್ಳು.

ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜು ಮಾತ್ರ. 13 ಗುಂಪು, ತುಂಬಿದಾಗ ತಲಾ 4.2 ಎಂದರೆ 54.6 ವೋಲ್ಟ್. ಅದರಲ್ಲಿ 12 ಗುಂಪು 4.18ರಲ್ಲಿದ್ದು, ಸವೆದು ಸಾಮರ್ಥ್ಯ ಕುಗ್ಗಿದ ಒಂದು ಗುಂಪು ಬೇಗ ತುಂಬಿ 4.44ಕ್ಕೆ ಏರಿದ್ದರೂ ಮೊತ್ತ ಅದೇ 54.6. ಚಾರ್ಜರಿನ ಲೆಕ್ಕ ಸರಿಹೋಯಿತು, ಆ ಗುಂಪಿನ ಆಯುಸ್ಸು ಮುಗಿಯಿತು. ಹಳೆ ಸೆಲ್ಲಿನ ಪ್ಯಾಕಿನಲ್ಲಿ ಇಂಥ ಗುಂಪು ಒಂದಲ್ಲ ಒಂದು ದಿನ ಹುಟ್ಟುತ್ತದೆ. ಮೊದಲ ತಿಂಗಳುಗಳಲ್ಲಿ ಏನೂ ಆಗದಿದ್ದದ್ದು ಜೋಡಣೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಗುಂಪುಗಳು ಆಗಿನ್ನೂ ಸಮವಾಗಿದ್ದವು ಅಷ್ಟೆ.

ಸಮಯದ ಲೆಕ್ಕವೂ ಇದಕ್ಕೆ ಸೇರಿಕೊಳ್ಳುತ್ತದೆ. 10 ಆಂಪಿಯರ್ ಅವರಿನ ಎರಡು ಪ್ಯಾಕಿಗೆ 2 ಆಂಪಿಯರ್ ಕೊಟ್ಟರೆ ಕಡಿಮೆಯೆಂದರೂ 10 ಗಂಟೆ, ಕೊನೆಯಲ್ಲಿ ಕರೆಂಟು ಇಳಿಯುವ ಹೊತ್ತು ಬೇರೆ. ಹಾಗಾಗಿ ಎಲ್ಲರೂ ರಾತ್ರಿಯೇ ಹಾಕುತ್ತಾರೆ, ಅಪಾಯದ ಗಳಿಗೆಯಲ್ಲಿ ಎಚ್ಚರವಿರುವವರು ಯಾರೂ ಇಲ್ಲ. ಇದನ್ನು ತಪ್ಪಿಸಲು 5 ಆಂಪಿಯರಿನ ಚಾರ್ಜರ್ ತರುವವರಿದ್ದಾರೆ. ನಡುವೆ ವೈ ಕೇಬಲ್ಲಿನ ಒಂದು ಕಾಲು ಸಡಿಲವಾದರೆ ಆ ಐದೂ ಆಂಪಿಯರ್ ಒಂದೇ ಪ್ಯಾಕಿಗೆ ನುಗ್ಗುತ್ತದೆ. ಸಡಿಲವಾಗದಿದ್ದರೂ ಐದೂ ಆಂಪಿಯರ್ ಹಾದುಹೋಗುವುದು ಮೊದಲ ಪ್ಯಾಕಿನ ಚಾರ್ಜಿಂಗ್ ಪಿನ್ನಿನಿಂದಲೇ, ಆ ಪಿನ್ನು, ಒಳಗಿನ ತೆಳು ವೈರು ಎರಡು ಮೂರು ಆಂಪಿಯರಿಗೆಂದು ಹಾಕಿದ್ದಾದರೆ ಕಾದು ಕರಗಬಹುದು.

ಜೋಡಿಸುವ ಗಳಿಗೆಯದು ಇನ್ನೊಂದು ಅಪಾಯ. ತುಂಬಿದ ಪ್ಯಾಕು 54.6, ಬರಿದಾದದ್ದು 42 ಎಂದಿಟ್ಟುಕೊಳ್ಳಿ. ವ್ಯತ್ಯಾಸ 12.6 ವೋಲ್ಟ್. ಎರಡೂ ಪ್ಯಾಕಿನ ಒಳ ರೋಧ, ವೈರು, ಕನೆಕ್ಟರು ಎಲ್ಲ ಸೇರಿ 0.3 ಓಮ್ ಆದರೆ ಜೋಡಿಸಿದ ಕ್ಷಣ ಹರಿಯುವುದು 42 ಆಂಪಿಯರ್. ದಿನಾ 2 ಆಂಪಿಯರಿನಲ್ಲಿ ಚಾರ್ಜ್ ಆಗುವ ಪ್ಯಾಕಿಗೆ ಅದರ ಇಪ್ಪತ್ತೊಂದು ಪಟ್ಟು. ಕಂಟ್ರೋಲರಿನ ಕೆಪಾಸಿಟರ್ (ಸ್ವಲ್ಪ ಚಾರ್ಜು ಹಿಡಿದಿಡುವ ಭಾಗ) ತುಂಬುವಾಗ ಬರುವ ಕಿಡಿ ಒಂದೇ ಸಲ ಚಟ್ ಎಂದು ಮುಗಿಯುತ್ತದೆ. ಕನೆಕ್ಟರ್ ಕೂರಿಸಿದ ಮೇಲೂ ವೈರು ಬೆಚ್ಚಗಾಗುತ್ತಾ ಹೋದರೆ ಅದು ಕೆಪಾಸಿಟರ್ ಅಲ್ಲ, ಒಂದು ಪ್ಯಾಕು ಇನ್ನೊಂದಕ್ಕೆ ಸುರಿಯುತ್ತಿದೆ. ತಕ್ಷಣ ಎಳೆದು ಬಿಡಿಸಿ.

ಎರಡನೇ ಬ್ಯಾಟರಿಯನ್ನು ಗಾಡಿಯ ಚಾರ್ಜಿಂಗ್ ಪಿನ್ನಿಗೇ ಸಿಕ್ಕಿಸಿ ಓಡಿಸುವ ‘ಸುಲಭ’ ಉಪಾಯವನ್ನಂತೂ ಮಾಡಲೇಬೇಡಿ. ಏರಿನಲ್ಲಿ ಮೋಟರ್ 15-20 ಆಂಪಿಯರ್ ಕೇಳುತ್ತದೆ, ಅದರ ದೊಡ್ಡ ಪಾಲು ಆ ಪುಟ್ಟ ಪಿನ್ನಿನ ಮೂಲಕ ಬರಬೇಕು.

ಪ್ಯಾಕಿನ ಜಾತಿ ಬೇರೆಯಾದರೆ ಚರ್ಚೆಯೇ ಬೇಡ. 16 ಸೀರೀಸಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕಿನ ಮೇಲೂ ‘48 ವೋಲ್ಟ್’ ಎಂದೇ ಬರೆದಿರುತ್ತಾರೆ, ಆದರೆ ಅದರ ಚಾರ್ಜರ್ ಕೊಡುವುದು 58.4. ಅದನ್ನು 13 ಸೀರೀಸಿನದಕ್ಕೆ ಕೊಟ್ಟರೆ ಒಂದೊಂದು ಸೆಲ್ಲಿಗೆ ಸುಮಾರು 4.49 ಬೀಳುತ್ತದೆ. ಚಾರ್ಜರಿನ ಬೆನ್ನ ಮೇಲೆ ಔಟ್‌ಪುಟ್ ಎಂದು ಮುದ್ರಿಸಿದ ಅಂಕಿ ಓದಿ. ಪಿನ್ನು ಕೂರುತ್ತದೆ ಎಂಬುದು ಹೊಂದುತ್ತದೆ ಎಂಬುದಕ್ಕೆ ಗುರುತಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಗಾಡಿ ಆಫ್ ಮಾಡಿ, ವೈ ಕೇಬಲ್ಲಿನಿಂದ ಎರಡನೇ ಪ್ಯಾಕನ್ನು ಪೂರ್ತಿ ಬಿಡಿಸಿ. ಓಡಿಸಿ ಬಂದ ಬಿಸಿ ಆರಲು ಅರ್ಧ ಗಂಟೆಯಾದರೂ ಬಿಡಿ. ಸೆಲ್ 45 ಡಿಗ್ರಿಗಿಂತ ಬಿಸಿಯಿದ್ದರೂ ಸೊನ್ನೆಗಿಂತ ತಣ್ಣಗಿದ್ದರೂ ಚಾರ್ಜ್ ಮಾಡುವಂತಿಲ್ಲ. ಪ್ರತಿ ಪ್ಯಾಕಿಗೂ ಅದರದೇ ಚಾರ್ಜಿಂಗ್ ಪಿನ್ನು, ಅದರದೇ ಚಾರ್ಜರು. ಒಂದಕ್ಕೊಂದು ತಾಗಿಸಿರದಿದ್ದರೆ ಎರಡನ್ನೂ ಒಟ್ಟಿಗೆ ಹಾಕಬಹುದು. ಎರಡಕ್ಕೂ ಹಸಿರು ದೀಪ ಬಂದ ಮೇಲೆ ಚಾರ್ಜರ್ ತೆಗೆದು, ಮಲ್ಟಿಮೀಟರನ್ನು ಡಿಸಿ 200 ವೋಲ್ಟಿಗಿಟ್ಟು ಎರಡರ ದಪ್ಪ ಕನೆಕ್ಟರಿನಲ್ಲೂ ಅಳೆಯಿರಿ. ವ್ಯತ್ಯಾಸ 0.2 ವೋಲ್ಟಿನೊಳಗಿದ್ದರೆ ಮಾತ್ರ ಜೋಡಿಸಿ. ಹೆಚ್ಚಿದ್ದರೆ ಕಡಿಮೆಯಿರುವುದನ್ನು ಮತ್ತೆ ಚಾರ್ಜಿಗೆ ಹಾಕಿ. ಪ್ರತಿ ಸಲವೂ ಅದೇ ಪ್ಯಾಕು ಹಿಂದೆ ಬೀಳುತ್ತಿದ್ದರೆ ಅದನ್ನು ಬಳಕೆಯಿಂದ ತೆಗೆದು, ಬಲ್ಲವರ ಹತ್ತಿರ ಗುಂಪು ಗುಂಪಾಗಿ ಅಳೆಸಿ.

ದಿನಾ ಬಿಡಿಸುವುದು ಬೇಸರವೆನಿಸಿದರೆ ಪ್ರತಿ ಪ್ಲಸ್ಸಿಗೂ ಡಯೋಡ್ ಇರುವ ಜೋಡಿ ಬ್ಯಾಟರಿ ಮಾಡ್ಯೂಲ್ ಹಾಕಿಸಿ. ಒಂದು ಪ್ಯಾಕಿನಿಂದ ಇನ್ನೊಂದಕ್ಕೆ ಕರೆಂಟು ಹೋಗದಂತೆ ಅದು ತಡೆಯುತ್ತದೆ. ಆಗಲೂ ಚಾರ್ಜ್ ಬೇರೆ ಬೇರೆಯೇ. ಡಯೋಡಿನಲ್ಲಿ ಅರ್ಧ ವೋಲ್ಟ್ ಇಳಿದರೂ 20 ಆಂಪಿಯರಿಗೆ 10 ವ್ಯಾಟ್ ಬಿಸಿ, ಅದಕ್ಕೇ ಮಾಡ್ಯೂಲನ್ನು ಬ್ಯಾಟರಿಗೆ ಅಂಟಿಸದೆ ಗಾಳಿ ಆಡುವಲ್ಲಿ ಕಟ್ಟಿ. ಬ್ರೇಕ್ ಹಿಡಿದಾಗ ಮೋಟರು ಬ್ಯಾಟರಿಗೆ ಮರಳಿಸುವ ಕರೆಂಟನ್ನೂ ಡಯೋಡ್ ತಡೆಯುವುದರಿಂದ ಆ ಸೌಲಭ್ಯವನ್ನು ಕಂಟ್ರೋಲರಿನಲ್ಲಿ ಆಫ್ ಮಾಡಬೇಕು. ಇಲ್ಲದಿದ್ದರೆ ಹೋಗಲು ಜಾಗವಿಲ್ಲದ ವೋಲ್ಟೇಜು ಏರಿ ಕಂಟ್ರೋಲರೇ ಸುಡಬಹುದು.

ಪ್ರತಿ ಪ್ಯಾಕಿನ ಪ್ಲಸ್ಸಿನ ಬುಡದಲ್ಲೇ ಒಂದು ಫ್ಯೂಸ್ ಇರಲಿ. ಕಾರಿಗೆ ಹಾಕುವ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟಿನವರೆಗಿನದು. 54 ವೋಲ್ಟ್ ಡಿಸಿಯಲ್ಲಿ ಅದರ ತಂತಿ ಕರಗಿದರೂ ನಡುವೆ ಕಿಡಿ ನಿಂತು ಕರೆಂಟು ಹರಿಯುತ್ತಲೇ ಇರಬಹುದು. 58 ವೋಲ್ಟಿನದು ಎಂದು ಕೇಳಿ ತನ್ನಿ.

ಕೆಡುವ ಮುನ್ನ ಪ್ಯಾಕು ಕೆಲವು ಸಲ ಸೂಚನೆ ಕೊಡುತ್ತದೆ. ಹಸಿರು ದೀಪ ಬರುವುದೇ ಇಲ್ಲ, ಇಲ್ಲವೇ ಹಾಕಿದ ಸ್ವಲ್ಪ ಹೊತ್ತಿಗೇ ಬರುತ್ತದೆ. ಮೈಯ ಒಂದೇ ಕಡೆ ಬಿಸಿ. ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ, ಸೂ ಎನ್ನುವ ಸಣ್ಣ ಸದ್ದು. ವಾಸನೆ ಅಥವಾ ಸದ್ದು ಬಂದರೆ ಬ್ಯಾಟರಿ ಮುಟ್ಟದೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಆ ಹೊಗೆ ವಿಷ. ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಬಾರದು ಎನ್ನುವುದು ಇದಕ್ಕೇ, ಹೊರಗೆ ಓಡುವ ದಾರಿಯಲ್ಲೇ ಬೆಂಕಿ ಇರುತ್ತದೆ. ಬೆಂಕಿ ನಂದಿಸುವ ಪುಡಿ ಸಿಂಪಡಿಸಿದರೆ ಜ್ವಾಲೆ ಅಡಗಬಹುದು, ಸೆಲ್ಲಿನೊಳಗಿನ ಬಿಸಿ ಅಡಗುವುದಿಲ್ಲ. ಅದನ್ನು ತಣಿಸಲು ಬೇಕಾದದ್ದು ಧಾರಾಳ ನೀರು. ನಂದಿದಂತೆ ಕಂಡ ಪ್ಯಾಕು ಗಂಟೆಗಳಾದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು, ಹಾಗಾಗಿ ಏನಾಗಿದೆ ನೋಡೋಣ ಎಂದು ಅದನ್ನು ಅದೇ ದಿನ ಒಳಗೆ ತಂದು ಬಿಚ್ಚಬೇಡಿ.